ಅಪ್‌ಗ್ರೇಡ್ ಪ್ಲಾನಲ್ಲಿ ಅಮ್ಮನ ಲಾಂಗ್‌ಬುಕ್ ಎಲ್ಲಿದೆ?

ಅಪ್‌ಗ್ರೇಡ್ ಅಂದ ಕೂಡಲೇ ನಮ್ಮೆಲ್ಲರ ತಲೆಗೆ ಬರೋದು ಫೋನು. ರಾತ್ರಿ ಚಾರ್ಜಿಗೆ ಹಾಕಿ, ಒಂದು ಬಟನ್ ಒತ್ತಿ ಮಲಗಿದ್ರೆ ಆಯ್ತು. ಬೆಳಗ್ಗೆ ಏಳೋ ಹೊತ್ತಿಗೆ ಹೊಸ ವರ್ಷನ್ ರೆಡಿ. ಒಂದೆರಡು ಐಕಾನ್ ಜಾಗ ಬದಲಾಗಿರುತ್ತೆ, ಎರಡು ದಿನ ಬೈಕೊಳ್ತೀವಿ, ಮೂರನೇ ದಿನ ಮರೆತೇ ಹೋಗುತ್ತೆ.

ಒಂದು ಕಂಪನಿ ತನ್ನ ಸಿಸ್ಟಮ್ ಅಪ್‌ಗ್ರೇಡ್ ಮಾಡೋದು ಹೀಗಿರಲ್ಲ. ಅದಕ್ಕೆ ವರ್ಷಗಟ್ಟಲೆ ಪ್ಲಾನ್ ಮಾಡ್ತಾರೆ, ಕೋಟಿಗಟ್ಟಲೆ ಸುರೀತಾರೆ, ಆಮೇಲೂ ಕೆಲವು ಸಲ ಇಡೀ ಕಂಪನಿಯೇ ಕೆಲವು ವಾರ ಕುಂಟುತ್ತೆ. ನಮ್ಮ ಸಿಲಬಸ್‌ನಲ್ಲಿ ಇದು 'ಮ್ಯಾನೇಜ್‌ಮೆಂಟ್ ಇನ್‌ಫರ್ಮೇಶನ್ ಸಿಸ್ಟಮ್' ಅನ್ನೋ ಒಂದು ಯೂನಿಟ್ಟು. ದಿನದಿನದ ವ್ಯವಹಾರವನ್ನು ದಾಖಲು ಮಾಡಿಕೊಂಡು, ಅದನ್ನ ತೀರ್ಮಾನ ತಗೊಳ್ಳೋರಿಗೆ ಬೇಕಾದ ರೂಪದಲ್ಲಿ ಕೊಡೋ ವ್ಯವಸ್ಥೆ ಅಂತ ಡೆಫಿನಿಷನ್. ಸ್ಟಾಕ್ ಎಷ್ಟಿದೆ, ಯಾರಿಂದ ಎಷ್ಟು ಬಾಕಿ ಬರಬೇಕು, ಯಾವ ಮಾಲು ಓಡ್ತಿದೆ, ಯಾವುದು ಧೂಳು ತಿಂತಿದೆ, ಇವೆಲ್ಲ ಅದರೊಳಗೆ ಬರುತ್ತೆ. ಎಂಟು ಮಾರ್ಕಿನ ಪ್ರಶ್ನೆಗೆ ಇಷ್ಟು ಬರೆದು ಒಂದು ಬ್ಲಾಕ್ ಡಯಾಗ್ರಾಮ್ ಹಾಕಿದ್ರೆ ಆರಂತೂ ಸಿಗುತ್ತೆ.

ಆ ಡಯಾಗ್ರಾಮಿನಲ್ಲಿ ಕೆಳಗಡೆ 'ಯೂಸರ್ಸ್' ಅಂತ ಒಂದು ಬಾಕ್ಸ್ ಇರುತ್ತಲ್ಲ, ಈ ಲೇಖನ ಅದರ ಬಗ್ಗೆ.

ಮೊದಲು, ಚೆನ್ನಾಗಿ ನಡೀತಿರೋ ಸಿಸ್ಟಮನ್ನು ಕಂಪನಿಗಳು ಯಾಕೆ ಮುಟ್ಟೋಕೆ ಹೋಗ್ತವೆ ಅಂತ ನೋಡೋಣ. ಸಾಮಾನ್ಯವಾಗಿ ಮೂರು ಕಾರಣ. ಒಂದು, ಸಾಫ್ಟ್‌ವೇರ್ ಮಾಡಿದವರೇ ಇನ್ನು ಸಪೋರ್ಟ್ ಕೊಡಲ್ಲ ಅಂತಾರೆ. ಜರ್ಮನಿಯ ಸ್ಯಾಪ್ ಕಂಪನಿ ತನ್ನ ಹಳೇ 'ಇಸಿಸಿ' ಸಾಫ್ಟ್‌ವೇರ್‌ಗೆ ಮಾಮೂಲಿ ಸಪೋರ್ಟನ್ನು 2025ಕ್ಕೆ ನಿಲ್ಲಿಸೋದಿತ್ತು. 2020ರಲ್ಲಿ ಅದನ್ನ 2027ರ ಕೊನೆಗೆ ಮುಂದೂಡಿತು. ಪ್ರಪಂಚದ ಎಷ್ಟೋ ದೊಡ್ಡ ಕಂಪನಿಗಳು ಈಗ ಹೊಸ 'ಎಸ್/4 ಹಾನಾ'ಗೆ ಹೋಗೋ ಗಡಿಬಿಡಿಯಲ್ಲಿರೋದು ಇದಕ್ಕೇ. ಪ್ಲೇಸ್‌ಮೆಂಟ್ ಆದ ನಮ್ಮ ಸೀನಿಯರ್ಸ್‌ನ ಕೇಳಿ ನೋಡಿ. ಬೆಂಗಳೂರಲ್ಲಿ ಕೂತು ಯಾವುದೋ ಯುರೋಪಿನ ಕಂಪನಿಯ 'ಮೈಗ್ರೇಶನ್ ಪ್ರಾಜೆಕ್ಟ್' ಮಾಡ್ತಿದೀನಿ ಅನ್ನೋರು ಒಬ್ಬರಾದ್ರೂ ಸಿಗ್ತಾರೆ.

ಎರಡನೇ ಕಾರಣ, ಕಾನೂನು ಬದಲಾಗುತ್ತೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ದೇಶದ ಪ್ರತಿಯೊಂದು ಬಿಲ್ಲಿಂಗ್ ಸಾಫ್ಟ್‌ವೇರೂ ಬದಲಾಗಲೇಬೇಕಾಯ್ತು. ಆಮೇಲೆ ಇ-ಇನ್‌ವಾಯ್ಸ್ ಬಂತು. ಅಂದ್ರೆ ಒಬ್ಬ ವ್ಯಾಪಾರಿ ಇನ್ನೊಬ್ಬ ವ್ಯಾಪಾರಿಗೆ ಹಾಕೋ ಬಿಲ್ಲನ್ನ ಸರ್ಕಾರದ ಪೋರ್ಟಲ್‌ಗೆ ಕಳಿಸಿ, ಅಲ್ಲಿಂದ ಒಂದು ನಂಬರೂ ಕ್ಯೂಆರ್ ಕೋಡೂ ಪಡೀಬೇಕು. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ಮೀರಿದ ವಹಿವಾಟಿನವರಿಗೆ ಶುರುವಾದ ಈ ನಿಯಮ ಮೆಟ್ಟಿಲು ಮೆಟ್ಟಿಲಾಗಿ ಇಳೀತಾ ಬಂದು, 2023ರ ಆಗಸ್ಟ್ 1ಕ್ಕೆ 5 ಕೋಟಿ ಮೀರಿದವರಿಗೂ ಬಂತು.

ಮೂರನೇದು, ಕಂಪನಿಯೇ ಬದಲಾಗುತ್ತೆ. ಇನ್ನೊಂದನ್ನ ಕೊಂಡುಕೊಳ್ಳುತ್ತೆ, ಇಲ್ಲಾ ಯಾರಿಂದಲೋ ಬೇರೆಯಾಗುತ್ತೆ, ಇಲ್ಲಾ ಹಳೇ ಅಂಗಿ ಬಿಗಿಯಾಗುವಷ್ಟು ಬೆಳೆದುಬಿಡುತ್ತೆ.

ಎರಡನೇ ಕಾರಣದ ಆ 5 ಕೋಟಿಯ ಮೆಟ್ಟಿಲು ನಮ್ಮನೆಗೆ ನೇರವಾಗಿ ಬಂದು ತಾಗಿತು. ನಮ್ಮಮ್ಮ ದಾವಣಗೆರೆಯಲ್ಲಿ ಒಂದು ಔಷಧಿ ಹೋಲ್‌ಸೇಲ್ ಏಜೆನ್ಸಿಯಲ್ಲಿ ಬಿಲ್ಲಿಂಗ್ ನೋಡಿಕೊಳ್ತಾಳೆ. 2023ಕ್ಕೆ ಅಲ್ಲಿ ಸೇರಿ 17 ವರ್ಷ ಆಗಿತ್ತು. ಅಲ್ಲಿದ್ದ ಸಾಫ್ಟ್‌ವೇರ್ ನಮ್ಮ ಜನರೇಶನ್ ನೋಡೇ ಇಲ್ಲ ಅನ್ನಿ. ಕಪ್ಪು ಸ್ಕ್ರೀನು, ಬಿಳಿ ಅಕ್ಷರ, ಮೌಸೇ ಇಲ್ಲ. ಎಲ್ಲಾ ಫಂಕ್ಷನ್ ಕೀಗಳಲ್ಲೇ. ಚಿಕ್ಕವಳಿದ್ದಾಗ ಶನಿವಾರ ಅಲ್ಲಿಗೆ ಹೋಗಿ ಕೂರ್ತಿದ್ದೆ. ಅಮ್ಮ ಸ್ಕ್ರೀನ್ ಕಡೆ ನೋಡ್ತಾನೇ ಇರಲಿಲ್ಲ. ಕೌಂಟರ್‌ನಲ್ಲಿ ನಿಂತವರ ಜೊತೆ ಮಾತಾಡ್ತಾ ಮಾತಾಡ್ತಾ ಹದಿನೈದು ಐಟಂನ ಬಿಲ್ಲು ಮುಗಿಸಿ ಪ್ರಿಂಟ್ ಕೊಟ್ಟಿರ್ತಿದ್ಲು.

ಕೀಬೋರ್ಡ್ ಪಕ್ಕದಲ್ಲಿ ಯಾವಾಗಲೂ ಒಂದು ಲಾಂಗ್‌ಬುಕ್ ಇರ್ತಿತ್ತು. ಬ್ರೌನ್ ಪೇಪರಿನ ಬೈಂಡು, ಮೇಲೆ ಅರಿಶಿನ ಕುಂಕುಮದ ಗುರುತು, ಆಯುಧಪೂಜೆದು. ಸಿಸ್ಟಮ್ ಒಳಗೆ ಹಿಡಿಯದೇ ಇದ್ದದ್ದೆಲ್ಲ ಅದರೊಳಗೆ ಹೋಗ್ತಿತ್ತು. ಮೂರು ಉದಾಹರಣೆ ಕೊಡ್ತೀನಿ.

ಔಷಧಿ ಕಂಪನಿಗಳು 10ಕ್ಕೆ 1 ಫ್ರೀ ಅಂತ ಸ್ಕೀಮ್ ಕೊಡ್ತವೆ. ಸಣ್ಣ ಮೆಡಿಕಲ್ ಶಾಪ್‌ನವನು 10 ತಗೊಳ್ಳಲ್ಲ, 5 ತಗೊಳ್ತಾನೆ. ಅರ್ಧ ಬಾಟಲಿ ಫ್ರೀ ಕೊಡೋಕಾಗಲ್ವಲ್ಲ. ಅದಕ್ಕೆ ಅಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಅವನು ಮುಂದಿನ ಸಲ ಇನ್ನೈದು ತಗೊಂಡಾಗ ಒಂದನ್ನ ಸೇರಿಸಿ ಕಳಿಸ್ತಾಳೆ.

ಎರಡನೇದು, ಜಗಳೂರು ಕಡೆಯ ಒಂದು ಅಂಗಡಿ. ಅವರು ದುಡ್ಡು ಕಟ್ಟೋದು ಸಂತೆ ಆದ ಮಾರನೇ ದಿನ. ಲೆಕ್ಕದ ಪ್ರಕಾರ ಯಾವಾಗಲೂ ಲೇಟು. ಆದರೆ ಅಷ್ಟು ವರ್ಷದಲ್ಲಿ ಒಂದು ರೂಪಾಯಿ ಮುಳುಗಿಸಿಲ್ಲ.

ಮೂರನೇದು ಸ್ವಲ್ಪ ಗಂಭೀರವಾದದ್ದು. ಅವಧಿ ಮುಗಿದ ಔಷಧಿ ಅಂಗಡಿಗಳಿಂದ ವಾಪಸ್ ಬರುತ್ತೆ. ಕಂಪನಿಯವರು ಅದನ್ನ ಎಣಿಸಿ ತಗೊಂಡು ಹೋಗೋವರೆಗೆ ಮೆಟ್ಟಿಲ ಕೆಳಗಿನ ರ‍್ಯಾಕ್‌ನಲ್ಲಿ ಇಡ್ತಾರೆ. ಅದರ ಲೆಕ್ಕ ಸಿಸ್ಟಮ್‌ನಲ್ಲಿ ಬೇಕು, ಆದರೆ ಹಳೇ ಸಾಫ್ಟ್‌ವೇರು ಮುಗಿದುಹೋದ ದಿನಾಂಕ ಹಾಕಿದ್ರೆ ಎಂಟ್ರಿಯನ್ನೇ ತಗೊಳ್ತಿರಲಿಲ್ಲ. ಅದಕ್ಕೆ ಅಮ್ಮ ಒಂದು ದಾರಿ ಮಾಡಿಕೊಂಡಿದ್ಲು. ಬ್ಯಾಚ್ ನಂಬರಿನ ಮುಂದೆ ಒಂದು 'ಎಕ್ಸ್', ದಿನಾಂಕದ ಜಾಗದಲ್ಲಿ 2099. ಎಕ್ಸ್ ಕಂಡ್ರೆ ಮಾರೋ ಮಾಲಲ್ಲ. ಇದು ಅವಳಿಗೆ ಗೊತ್ತು, ಪ್ಯಾಕಿಂಗ್ ಮಾಡೋ ಹಳೇ ಹುಡುಗನಿಗೆ ಗೊತ್ತು. ಇನ್ಯಾರಿಗೂ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಅಲ್ಲಿವರೆಗೆ ಬಂದಿರಲಿಲ್ಲ.

ಇ-ಇನ್‌ವಾಯ್ಸ್ ಬಂತು. ಕಪ್ಪು ಸ್ಕ್ರೀನಿನ ಕೈಲಿ ಅದಾಗಲ್ಲ. ಹೊಸ ಸಾಫ್ಟ್‌ವೇರ್ ಬೇಕು ಅನ್ನೋದು ಮೇ ತಿಂಗಳಲ್ಲೇ ಗೊತ್ತಿತ್ತು, ಆದರೆ ಶುರು ಮಾಡಿದ್ದು ಜುಲೈನಲ್ಲಿ. ಸಾಫ್ಟ್‌ವೇರ್ ಕಡೆಯಿಂದ ಬಂದ ಹುಡುಗ ಓನರ್ ಜೊತೆ ಎರಡು ಗಂಟೆ ಕೂತು ಏನೇನು ಬೇಕು ಅಂತ ಬರೆದುಕೊಂಡ. ಹಳೇ ಡೇಟಾ ಎಲ್ಲಾ ಪೆನ್‌ಡ್ರೈವ್‌ಗೆ ಹಾಕಿಕೊಂಡ. ಭಾನುವಾರ ಅರ್ಧ ದಿನ ಟ್ರೇನಿಂಗ್. ಮಂಗಳವಾರ, ಆಗಸ್ಟ್ 1, ಹಳೇದು ಬಂದ್, ಹೊಸದು ಚಾಲೂ. ಮಳೆಗಾಲ ಬೇರೆ. ಜ್ವರ, ಕೆಮ್ಮು, ಡೆಂಗಿ ಅಂತ ಔಷಧಿ ಅಂಗಡಿಗಳಿಗೆ ವರ್ಷದಲ್ಲೇ ಹೆಚ್ಚು ಓಡಾಟ ಇರೋ ತಿಂಗಳು.

ಯಾರೂ ಅಮ್ಮನನ್ನ ಏನೂ ಕೇಳಲಿಲ್ಲ. ಕೆಟ್ಟ ಮನಸ್ಸಿನಿಂದ ಅಲ್ಲ. ಕೇಳಬೇಕು ಅಂತ ಯಾರಿಗೂ ಹೊಳೀಲಿಲ್ಲ ಅಷ್ಟೇ.

ಮೊದಲ ದಿನವೇ ಜಗಳೂರಿನ ಅಂಗಡಿಯ ಬಿಲ್ಲು ಕೆಂಪು ಬಣ್ಣದಲ್ಲಿ ಬ್ಲಾಕ್ ಆಯ್ತು, ಬಾಕಿ ಇದೆ ಅಂತ. ಸ್ಕೀಮಿನ ಅರ್ಧರ್ಧ ಲೆಕ್ಕ ಎಲ್ಲೂ ಇಲ್ಲ, ಅಂಗಡಿಯವರು ಫೋನ್ ಮಾಡಿ ಜಗಳ. ಇವನ್ನೆಲ್ಲ ಹೇಗೋ ಸಂಭಾಳಿಸಬಹುದಿತ್ತು. ಆದರೆ ಎಕ್ಸ್ ಹಾಕಿದ ಬ್ಯಾಚುಗಳೆಲ್ಲ ಹೊಸ ಸಿಸ್ಟಮ್‌ಗೆ ಮಾರೋ ಮಾಲಾಗಿ ಬಂದು ಕೂತಿದ್ದವು. ದಿನಾಂಕ 2099 ಇದೆ, ಇನ್ನೇನು ಬೇಕು? ಸೇಲ್ಸ್ ಹುಡುಗರು ಮೊಬೈಲ್‌ನಲ್ಲಿ ಸ್ಟಾಕ್ ನೋಡಿ ಆರ್ಡರ್ ತಗೊಂಡ್ರು. ಹೊಸದಾಗಿ ಸೇರಿದ ಹುಡುಗನೊಬ್ಬ ಬಿಲ್ಲಿನಲ್ಲಿದ್ದ ಬ್ಯಾಚ್ ನಂಬರನ್ನ ಹುಡುಕಿಕೊಂಡು ಹೋಗಿ ಮೆಟ್ಟಿಲ ಕೆಳಗಿಂದ ಡಬ್ಬ ಎತ್ತಿಕೊಂಡು ಬಂದ. ಮಕ್ಕಳ ಆಂಟಿಬಯಾಟಿಕ್ ಸಿರಪ್. ಪ್ಯಾಕಿಂಗ್ ಟೇಬಲ್‌ವರೆಗೂ ಬಂದಿತ್ತು. ಅಮ್ಮ ಕಂಡಳು, ತಡೆದಳು.

ಆವತ್ತು ಮನೆಗೆ ಬಂದಾಗ ರಾತ್ರಿ ಹತ್ತೂವರೆ. ಊಟಕ್ಕೆ ಕೂತವಳು ಕೈ ತೊಳೆದುಕೊಂಡು ಎದ್ದುಬಿಟ್ಟಳು. "ನಂಗೆ ಕಂಪ್ಯೂಟರ್ ಬರಲ್ಲ ಅಂತ ಮಾತಾಡ್ಕೊಳ್ತಿದಾರೆ ಕಣೇ" ಅಂದ್ಲು. ಹದಿನೇಳು ವರ್ಷ ಕಂಪ್ಯೂಟರ್ ಮುಂದೆ ಕೂತವಳು. ಒಂದು ವಾರ ಹೀಗೇ ಹೋಯ್ತು. ಶನಿವಾರ ರಾತ್ರಿ ನನ್ನ ಲ್ಯಾಪ್‌ಟಾಪ್ ಮುಂದೆ ಬಂದು ಕೂತು, "ಇಂಗ್ಲಿಷಲ್ಲಿ ಒಂದು ರಾಜೀನಾಮೆ ಲೆಟರ್ ಟೈಪ್ ಮಾಡು" ಅಂದ್ಲು. ನಾನಾಗ ಸೆಕೆಂಡ್ ಪಿಯುಸಿ. ಮಾಡಿದೆ. "ಪ್ರಿಂಟ್ ಬೇಡ, ಇರ್ಲಿ" ಅಂದ್ಲು.

ಆ ಲೆಟರಿನ ವಿಷಯಕ್ಕೆ ಆಮೇಲೆ ಬರ್ತೀನಿ. ಯಾಕಂದ್ರೆ ಈ ಸೆಮಿಸ್ಟರ್‌ನಲ್ಲಿ ಕೇಸ್ ಸ್ಟಡಿ ಓದುವಾಗ ನಂಗೆ ತಲೆ ಗಿರ್ ಅಂದಿದ್ದು ಹರ್ಷೀಸ್ ಕಥೆ ನೋಡಿ. ಅಮೆರಿಕದ ಚಾಕೊಲೇಟ್ ಕಂಪನಿ, 1894ರಿಂದ ಇರೋದು. 1990ರ ದಶಕದ ಕೊನೆಯಲ್ಲಿ ಹಳೇ ಸಿಸ್ಟಮ್‌ಗಳನ್ನೆಲ್ಲ ಕಿತ್ತುಹಾಕಿ ಹೊಸದು ತರೋಕೆ ಹೊರಟಿತು. ವೈ2ಕೆ ಭಯ ಬೇರೆ ಇತ್ತಲ್ಲ, 2000ಕ್ಕೆ ಮುಂಚೆ ಮುಗಿಸಲೇಬೇಕು ಅಂತ. 11.2 ಕೋಟಿ ಡಾಲರಿನ ಯೋಜನೆ. ನಾಲ್ಕು ವರ್ಷ ಬೇಕು ಅಂದಿದ್ದನ್ನ 30 ತಿಂಗಳಿಗೆ ಕುಗ್ಗಿಸಿದ್ರು. ಸ್ಯಾಪ್ ಒಂದೇ ಅಲ್ಲ, ಸಪ್ಲೈ ಚೈನ್‌ಗೆ ಮ್ಯಾನುಜಿಸ್ಟಿಕ್ಸ್, ಗ್ರಾಹಕರ ಲೆಕ್ಕಕ್ಕೆ ಸೀಬೆಲ್, ಹೀಗೆ ಮೂರು ಕಂಪನಿಗಳ ಸಾಫ್ಟ್‌ವೇರನ್ನ ಒಟ್ಟಿಗೆ ಜೋಡಿಸಬೇಕಿತ್ತು. 1999ರ ಏಪ್ರಿಲ್‌ಗೆ ಮುಗೀಬೇಕಿದ್ದು ಜುಲೈಗೆ ಜಾರಿತು.

ಜುಲೈ ಅಂದ್ರೆ ಅವರಿಗೆ ಏನು ಗೊತ್ತಾ? ಅಕ್ಟೋಬರ್ 31ಕ್ಕೆ ಹ್ಯಾಲೋವೀನ್. ನಮಗೆ ಸಂಕ್ರಾಂತಿಗೆ ಎಳ್ಳುಬೆಲ್ಲ ಹೇಗೋ ಹಾಗೆ ಅಲ್ಲಿ ಹ್ಯಾಲೋವೀನ್‌ಗೆ ಕ್ಯಾಂಡಿ. ಅದರ ಆರ್ಡರ್‌ಗಳು ಬರೋದು ಬೇಸಿಗೆಯ ಕೊನೆಗೇ. ಅದೇ ಹೊತ್ತಿಗೆ ಹೊಸ ಸಿಸ್ಟಮ್ ಚಾಲೂ ಮಾಡಿದ್ರು, ಎಲ್ಲಾ ಒಂದೇ ಸಲ. ಸುಮಾರು 10 ಕೋಟಿ ಡಾಲರ್ ಬೆಲೆಯ ಆರ್ಡರ್‌ಗಳನ್ನ ತಲುಪಿಸೋಕೆ ಆಗಲಿಲ್ಲ. ಆ ಮೂರು ತಿಂಗಳ ಲಾಭ 19 ಶೇಕಡಾ ಬಿತ್ತು.

ಚಾಕೊಲೇಟ್ ಇರಲಿಲ್ವಾ? ಇತ್ತು! ಅದೇ ಮಜಾ. ಸೀಸನ್‌ಗೆ ಮುಂಚೆ ಮಾಲು ತುಂಬಿಕೊಂಡಾಗ ಗೋದಾಮಿನಲ್ಲಿ ಜಾಗ ಸಾಲದೆ, ಫ್ಯಾಕ್ಟರಿಯ ಖಾಲಿ ಮೂಲೆ, ಬಾಡಿಗೆ ಜಾಗ, ಎಲ್ಲಿ ಸಿಗುತ್ತೋ ಅಲ್ಲಿ ಇಡೋದು ಅವರ ರೂಢಿ. ಅಲ್ಲಿನ ಕೆಲಸಗಾರರಿಗೆ ಯಾವುದು ಎಲ್ಲಿದೆ ಅಂತ ಗೊತ್ತಿರ್ತಿತ್ತು. ಆ ಜಾಗಗಳು ಹೊಸ ಸಿಸ್ಟಮ್‌ನ ಪಟ್ಟಿಯಲ್ಲಿ ಇರಲಿಲ್ಲ. ಸಿಸ್ಟಮ್‌ಗೆ ಕಾಣದ ಮಾಲು, ಅದರ ಲೆಕ್ಕದಲ್ಲಿ ಇಲ್ಲದ ಮಾಲು.

ಅಮ್ಮನ ಮೆಟ್ಟಿಲ ಕೆಳಗಿನ ರ‍್ಯಾಕ್ ನೆನಪಾಯ್ತು ನಂಗೆ. ಅಲ್ಲಿ ಇಲ್ಲದ ಮಾಲು ಇದೆ ಅಂತ ತೋರಿಸ್ತು, ಇಲ್ಲಿ ಇದ್ದ ಮಾಲು ಇಲ್ಲ ಅಂತ ತೋರಿಸ್ತು. ಹಣದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಆದರೆ ಎರಡೂ ಕಡೆ ಪ್ಲಾನ್‌ನಲ್ಲಿ ಬಿಟ್ಟುಹೋಗಿದ್ದು ಒಂದೇ ವಿಷಯ. ಕೆಲಸ ಮಾಡೋರ ತಲೆಯಲ್ಲಿ, ಇಲ್ಲಾ ಪಕ್ಕದ ಪುಸ್ತಕದಲ್ಲಿ ಇದ್ದ ಮಾಹಿತಿ.

ಹಾಗಾದ್ರೆ ಪ್ಲಾನ್ ಹೇಗೆ ಮಾಡಬೇಕು? ಪುಸ್ತಕದಲ್ಲಿ ಹಂತಗಳಿವೆ. ಅವುಗಳಲ್ಲಿ ಎರಡು ನಂಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸ್ತವೆ.

ಮೊದಲನೇದು, ಹಳೇದರಿಂದ ಹೊಸದಕ್ಕೆ ದಾಟೋ ರೀತಿ. ಇಂಡಸ್ಟ್ರಿಯಲ್ಲಿ ಇದಕ್ಕೆ ಕಟ್‌ಓವರ್ ಅಂತಾರೆ. ನಾಲ್ಕು ದಾರಿ. ಒಂದೇ ದಿನ ಎಲ್ಲಾ ಬದಲಾಯಿಸೋದು ಬಿಗ್ ಬ್ಯಾಂಗ್. ಒಂದೊಂದೇ ವಿಭಾಗ ಬದಲಾಯಿಸೋದು ಫೇಸ್ಡ್. ಒಂದು ಬ್ರಾಂಚಿನಲ್ಲಿ ಮಾಡಿ ನೋಡಿ ಆಮೇಲೆ ಉಳಿದ ಕಡೆ ಮಾಡೋದು ಪೈಲಟ್. ಹಳೇದು ಹೊಸದು ಎರಡನ್ನೂ ಕೆಲ ದಿನ ಜೊತೆಗೇ ನಡೆಸಿ ಲೆಕ್ಕ ತಾಳೆ ನೋಡೋದು ಪ್ಯಾರಲಲ್. ಕೊನೆಯದು ಸೇಫ್ ಅಂತ ಎಲ್ಲರೂ ಬರೀತೀವಿ, ಆದರೆ ಅದರಲ್ಲಿ ಅದೇ ಜನ ಎರಡೆರಡು ಸಲ ಎಂಟ್ರಿ ಮಾಡಬೇಕು ಅನ್ನೋದನ್ನ ಬರೆಯಲ್ಲ. ಬಿಗ್ ಬ್ಯಾಂಗ್ ತಪ್ಪು ಅಂತಲೂ ಅಲ್ಲ. ಕೆಲವು ಸಲ ಬೇರೆ ದಾರಿನೇ ಇರಲ್ಲ. ಆದರೆ ಅದನ್ನ ಆರಿಸಿದ್ರೆ ಎರಡು ವಿಷಯ ಗಟ್ಟಿ ಇರಬೇಕು. ಪೂರ್ತಿ ಟೆಸ್ಟಿಂಗ್, ಮತ್ತೆ ಕೆಟ್ಟರೆ ವಾಪಸ್ ಹೋಗೋ ದಾರಿ.

ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನ ಕಥೆ ಇದಕ್ಕೆ ಸಾಕ್ಷಿ. ಲಾಯ್ಡ್ಸ್ ಬ್ಯಾಂಕಿನಿಂದ ಬೇರೆಯಾದ ಬ್ಯಾಂಕ್ ಅದು. ಬೇರೆಯಾದ ಮೇಲೂ ಲಾಯ್ಡ್ಸ್‌ನ ಸಿಸ್ಟಮನ್ನೇ ದುಡ್ಡು ಕೊಟ್ಟು ಬಳಸ್ತಿತ್ತು. 2015ರಲ್ಲಿ ಸ್ಪೇನಿನ ಸಬಾಡೆಲ್ ಬ್ಯಾಂಕ್ ಅದನ್ನ ಕೊಂಡುಕೊಂಡು, ತನ್ನ ಸಿಸ್ಟಮ್‌ಗೆ ತರೋಕೆ ಹೊರಟಿತು. 2018ರ ಏಪ್ರಿಲ್‌ನ ಒಂದೇ ವೀಕೆಂಡ್‌ನಲ್ಲಿ 50 ಲಕ್ಷಕ್ಕೂ ಹೆಚ್ಚು ಗ್ರಾಹಕರ ಖಾತೆಗಳನ್ನ ಸ್ಥಳಾಂತರಿಸಿದ್ರು. ಡೇಟಾ ಸರಿಯಾಗೇ ಬಂತು. ಆದರೆ ಸೋಮವಾರ ಜನ ಲಾಗಿನ್ ಆಗೋಕೆ ಹೋದ್ರೆ ಆಗ್ತಿಲ್ಲ. ಕೆಲವರಿಗೆ ಬೇರೆಯವರ ಖಾತೆ ಕಾಣಿಸ್ತು. ಎಲ್ಲಾ ಮೊದಲಿನಂತೆ ಆಗೋಕೆ ಆ ವರ್ಷದ ಡಿಸೆಂಬರ್ ಬರಬೇಕಾಯ್ತು. ಆಮೇಲೆ ನಡೆದ ತನಿಖೆಯಲ್ಲಿ ಹೊರಬಂದ ಒಂದು ವಿಷಯ ಕೇಳಿ. ಎರಡು ಡೇಟಾ ಸೆಂಟರ್ ಇದ್ದವು, ಅವುಗಳಲ್ಲಿ ಒಂದನ್ನ ಮಾತ್ರ ಪೂರ್ತಿ ಲೋಡ್ ಹಾಕಿ ಟೆಸ್ಟ್ ಮಾಡಿದ್ರು. ಎರಡೂ ಒಂದೇ ಥರ ಇದಾವೆ ಅಂತ ಅಂದುಕೊಂಡಿದ್ರು, ಇರಲಿಲ್ಲ. ಸಿಇಒ ಹುದ್ದೆ ಬಿಟ್ಟರು. 2022ರಲ್ಲಿ ಬ್ಯಾಂಕಿಗೆ 4.8 ಕೋಟಿ ಪೌಂಡಿಗೂ ಮೇಲೆ ದಂಡ ಬಿತ್ತು. ಲ್ಯಾಬ್‌ನಲ್ಲಿ ಒಂದು ಟೆಸ್ಟ್ ಕೇಸ್ ಪಾಸಾದ ಕೂಡಲೇ ಸಬ್‌ಮಿಟ್ ಮಾಡೋ ನಮ್ಮಂಥವರು ಇದನ್ನ ಒಂದ್ಸಲ ಓದಬೇಕು.

ಎರಡನೇ ಹಂತದ ಹೆಸರು ಫಿಟ್-ಗ್ಯಾಪ್. ಈಗ ಕೆಲಸ ಹೇಗೆ ನಡೀತಿದೆ, ಹೊಸ ಸಾಫ್ಟ್‌ವೇರ್ ಹೇಗೆ ನಡೆಸುತ್ತೆ, ಎಲ್ಲಿ ಹೊಂದುತ್ತೆ, ಎಲ್ಲಿ ಹೊಂದಲ್ಲ ಅಂತ ಸಾಲು ಸಾಲಾಗಿ ಪಟ್ಟಿ ಮಾಡೋದು. ಹೊಂದದೇ ಇರೋ ಪ್ರತಿ ಸಾಲಿಗೂ ಒಂದು ತೀರ್ಮಾನ ಬೇಕು. ಸಾಫ್ಟ್‌ವೇರ್ ಬದಲಾಯಿಸೋದಾ, ನಾವು ಬದಲಾಗೋದಾ?

ಇಲ್ಲಿ ನಾನು ಅಮ್ಮನ ಪುಸ್ತಕದ ಪರ ಭಾಷಣ ಮಾಡಿಬಿಡಬಹುದು. ಆದರೆ ಜರ್ಮನಿಯ ಲಿಡ್ಲ್ ಅನ್ನೋ ಸೂಪರ್‌ಮಾರ್ಕೆಟ್ ಕಂಪನಿಯದು ಉಲ್ಟಾ ಕಥೆ. 2011ರಲ್ಲಿ ಅವರೂ ಸ್ಯಾಪ್‌ಗೆ ಹೊರಟರು. ಲಿಡ್ಲ್‌ನ ಲೆಕ್ಕದಲ್ಲಿ ಸ್ಟಾಕಿನ ಬೆಲೆ ಅಂದ್ರೆ ಕೊಂಡ ಬೆಲೆ. ಸಾಫ್ಟ್‌ವೇರಿನ ಲೆಕ್ಕದಲ್ಲಿ ಮಾರೋ ಬೆಲೆ. ನಾವು ಬದಲಾಗಲ್ಲ, ಸಾಫ್ಟ್‌ವೇರ್ ಬದಲಾಗಲಿ ಅಂದ್ರು. ಒಂದು ಕಡೆ ತಿದ್ದಿದ್ರೆ ಇನ್ನೊಂದು ಕಡೆ ಅಲ್ಲಾಡುತ್ತೆ, ಅದನ್ನ ತಿದ್ದಿದ್ರೆ ಮತ್ತೊಂದು. ಏಳು ವರ್ಷ, ಸುಮಾರು 50 ಕೋಟಿ ಯೂರೋ ಖರ್ಚಾಯ್ತು ಅಂತ ಪತ್ರಿಕೆಗಳು ಬರೆದವು. 2018ರಲ್ಲಿ ಕೈಬಿಟ್ಟು ಹಳೇ ಸಿಸ್ಟಮ್‌ಗೇ ವಾಪಸ್ ಹೋದ್ರು.

ಅಂದ್ರೆ ಹಳೇ ರೂಢಿಯನ್ನೆಲ್ಲ ಉಳಿಸಿಕೊಳ್ಳೋದೂ ಪರಿಹಾರ ಅಲ್ಲ. ಯಾವ ರೂಢಿಗೆ ಕಾರಣ ಇದೆ, ಯಾವುದು ಬರೀ ಅಭ್ಯಾಸ ಅಂತ ಬೇರ್ಪಡಿಸಬೇಕು. ಹಾಗೆ ಬೇರ್ಪಡಿಸಬೇಕು ಅಂದ್ರೆ ರೂಢಿ ಇರೋರ ಜೊತೆ ಕೂರಬೇಕು. ಬೇರೆ ದಾರಿ ನಂಗಂತೂ ಕಾಣಿಸ್ತಿಲ್ಲ.

ಈಗ ಲೆಟರ್ ವಿಷಯ. ಸಿರಪ್ಪಿನ ಡಬ್ಬ ಪ್ಯಾಕಿಂಗ್ ಟೇಬಲ್‌ವರೆಗೂ ಬಂದಿದ್ದು ಓನರ್‌ಗೆ ನಿಜವಾಗಿ ಹೆದರಿಕೆ ಹುಟ್ಟಿಸ್ತು. ಜೋರು ಮಾಡಿ ಫೋನ್ ಮಾಡಿದ ಮೇಲೆ ಸಾಫ್ಟ್‌ವೇರ್‌ನವರು ಎರಡನೇ ವಾರ ಇನ್ನೊಬ್ಬರನ್ನ ಕಳಿಸಿದ್ರು. ನಲವತ್ತರ ಆಸುಪಾಸಿನ ಮೇಡಂ. ಅವರು ಬಂದವರೇ ಓನರ್ ರೂಮಿಗೆ ಹೋಗದೆ ಒಂದು ಸ್ಟೂಲ್ ಎಳೆದುಕೊಂಡು ಅಮ್ಮನ ಪಕ್ಕ ಕೂತರಂತೆ. ಎರಡು ದಿನ ಕೂತಿದ್ರು. ಅಮ್ಮ ಏನೇ ಮಾಡಿದ್ರೂ ಕೇಳ್ತಿದ್ದದ್ದು ಒಂದೇ ಪ್ರಶ್ನೆ: "ಇದನ್ನ ಯಾಕೆ ಹೀಗೆ ಮಾಡ್ತೀರ?"

ಲಾಂಗ್‌ಬುಕ್ಕಿನ ಒಂದೊಂದು ಪುಟ ತಿರುಗಿಸಿ ಮೂರು ಪಟ್ಟಿ ಮಾಡಿದ್ರು. ಮೊದಲ ಪಟ್ಟಿ, ಹೊಸ ಸಿಸ್ಟಮ್‌ನಲ್ಲಿ ಇದಕ್ಕೆ ಆಗಲೇ ಜಾಗ ಇದೆ, ಯಾರೂ ಆನ್ ಮಾಡಿರಲಿಲ್ಲ ಅಷ್ಟೇ. ವಾಪಸ್ ಬಂದ ಮಾಲಿಗೆ ಬೇರೆಯದೇ ಗೋದಾಮು ಅಂತ ಸಾಫ್ಟ್‌ವೇರ್ ಒಳಗೆ ಒಂದು ಆಯ್ಕೆ ಇತ್ತು. ಅದನ್ನ ತೆರೆದು ಎಕ್ಸ್ ಬ್ಯಾಚುಗಳನ್ನೆಲ್ಲ ನಿಜವಾದ ದಿನಾಂಕದ ಜೊತೆ ಅಲ್ಲಿಗೆ ಸಾಗಿಸಿದ್ರು. ಅದರಿಂದ ಬಿಲ್ ಹಾಕೋಕೆ ಈಗ ಯಾರ ಕೈಲೂ ಆಗಲ್ಲ. ಎರಡನೇ ಪಟ್ಟಿ, ಬಿಟ್ಟುಬಿಡಬಹುದಾದದ್ದು. ಮುಚ್ಚಿಹೋದ ಅಂಗಡಿಗಳ ಹಳೇ ಲೆಕ್ಕ, ಪ್ರಿಂಟರ್ ಹೀಗೆ ಕೈಕೊಟ್ಟರೆ ಹಾಗೆ ಮಾಡಬೇಕು ಅನ್ನೋ ಉಪಾಯಗಳು, ಯಾಕೆ ಕೊಡ್ತಿದೀವಿ ಅಂತ ಓನರ್‌ಗೇ ಮರೆತುಹೋದ ಒಂದೆರಡು ಡಿಸ್ಕೌಂಟ್. ಇವನ್ನ ಅಮ್ಮನೇ ಅಡ್ಡಗೆರೆ ಹಾಕಿ ಹೊಡೆದಳು. ಮೂರನೇ ಪಟ್ಟಿ, ಸಿಸ್ಟಮ್‌ನಲ್ಲಿ ಹಿಡಿಯಲ್ಲ, ಆದರೆ ಬೇಕು. ಜಗಳೂರಿನ ಅಂಗಡಿಗೆ ಬಾಕಿಯ ಗಡುವನ್ನ ಕೆಲವು ದಿನ ಹೆಚ್ಚಿಸಿದ್ರು. ಅರ್ಧ ಸ್ಕೀಮ್ ಮಾತ್ರ ಇವತ್ತಿಗೂ ಪುಸ್ತಕದಲ್ಲೇ ಇದೆ.

ತಿಂಗಳು ಕಳೆಯೋದರೊಳಗೆ ಅಮ್ಮ ಮಾಮೂಲಿ ಟೈಮಿಗೆ ಮನೆಗೆ ಬರೋಕೆ ಶುರು ಮಾಡಿದ್ಲು. ಮೌಸ್ ಕಂಡ್ರೆ ಈಗಲೂ ಆಗಲ್ಲ, ಶಾರ್ಟ್‌ಕಟ್ ಎಲ್ಲಾ ಬರೆಸಿಕೊಂಡು ಬಾಯಿಪಾಠ ಮಾಡಿದಾಳೆ. ಲೆಟರ್ ನನ್ನ ಲ್ಯಾಪ್‌ಟಾಪಿನ ಡೌನ್‌ಲೋಡ್ಸ್ ಫೋಲ್ಡರಲ್ಲಿ ಇನ್ನೂ ಇದೆ. ಅಳಿಸು ಅಂತ ಅವಳೂ ಹೇಳಿಲ್ಲ, ನಾನೂ ಕೇಳಿಲ್ಲ.

ಆ ಮೇಡಂ ಮಾಡಿದ್ದು ಪುಸ್ತಕದ ಭಾಷೆಯಲ್ಲಿ ಫಿಟ್-ಗ್ಯಾಪ್ ಅಂತ ನಂಗೆ ಗೊತ್ತಾಗಿದ್ದು ಎರಡು ವರ್ಷ ಆದ ಮೇಲೆ. ಎರಡೇ ದಿನದ ಕೆಲಸ ಅದು. ಆಗಸ್ಟ್ ಬದಲು ಜೂನ್‌ನಲ್ಲಿ ಅವರು ಆ ಸ್ಟೂಲ್ ಮೇಲೆ ಕೂತಿದ್ದಿದ್ರೆ ಅಂತ ಒಮ್ಮೊಮ್ಮೆ ಅನ್ನಿಸುತ್ತೆ. ಹರ್ಷೀಸ್‌ನವರೂ ಕಲಿತರು. ಕೆಲವೇ ವರ್ಷದಲ್ಲಿ ಅದೇ ಸ್ಯಾಪ್‌ನ ಮುಂದಿನ ವರ್ಷನ್‌ಗೆ ಹೋದಾಗ ಸರಿಯಾಗಿ ಟೆಸ್ಟ್ ಮಾಡಿಕೊಂಡು, ಸುಮಾರು 11 ತಿಂಗಳಲ್ಲಿ, ಅಂದುಕೊಂಡಿದ್ದಕ್ಕಿಂತ ಕಡಿಮೆ ಖರ್ಚಿನಲ್ಲಿ 2002ರಲ್ಲಿ ಮುಗಿಸಿದ್ರು. ಕಂಪನಿ ಅದೇ, ಸಾಫ್ಟ್‌ವೇರ್ ಮಾಡಿದವರೂ ಅವರೇ. ಬದಲಾಗಿದ್ದು ಪ್ಲಾನ್.

ಇದೆಲ್ಲ ನಿಮಗೆ ಯಾಕೆ ಹೇಳ್ತಿದೀನಿ ಅಂದ್ರೆ, ಇನ್ನು ಎರಡು ವರ್ಷಕ್ಕೆ ಪೆನ್‌ಡ್ರೈವ್ ಹಿಡಿದುಕೊಂಡು ಬರೋ ಆ ಹುಡುಗ ನಾವೇ ಆಗಿರ್ತೀವಿ. ಅವನ ಮೇಲೆ ನಂಗೆ ಕೋಪ ಇತ್ತು, ಈಗಿಲ್ಲ. ಅವನಿಗೆ ಯಾರೂ ಕಲಿಸಿರಲಿಲ್ಲ. ಟಾರ್ಗೆಟ್ ಅನ್ನೋ ಅಮೆರಿಕದ ಕಂಪನಿ 2013ರಲ್ಲಿ ಕೆನಡಾಕ್ಕೆ ಹೋದಾಗ ಹೊಸ ಸಿಸ್ಟಮ್‌ಗೆ ಹತ್ತಾರು ಸಾವಿರ ಉತ್ಪನ್ನಗಳ ವಿವರ ತುಂಬೋ ಕೆಲಸ ಕೊಟ್ಟಿದ್ದು ಹೆಚ್ಚಾಗಿ ನಮ್ಮ ವಯಸ್ಸಿಗಿಂತ ಸ್ವಲ್ಪ ದೊಡ್ಡ ಹುಡುಗ ಹುಡುಗಿಯರಿಗೆ. ಗಡುವು ಹತ್ತಿರ, ಕೇಳೋಕೆ ಅನುಭವಸ್ಥರಿಲ್ಲ. ಸೆಂಟಿಮೀಟರ್ ಜಾಗದಲ್ಲಿ ಇಂಚು, ಉದ್ದದ ಜಾಗದಲ್ಲಿ ಅಗಲ. ಗೋದಾಮಿನಲ್ಲಿ ಮಾಲು ತುಂಬಿ ತುಳುಕ್ತಿತ್ತು, ಅಂಗಡಿಯ ಕಪಾಟು ಖಾಲಿ. ಬೇರೆ ಕಾರಣಗಳೂ ಇದ್ದವು, ಆದರೆ 2015ರ ಜನವರಿಯಲ್ಲಿ 133 ಅಂಗಡಿಗಳನ್ನೂ ಮುಚ್ತೀವಿ ಅಂತ ಘೋಷಿಸಿದ್ರು. 17,000ಕ್ಕೂ ಹೆಚ್ಚು ಜನರ ಕೆಲಸ ಹೋಯ್ತು. ಫಾರ್ಮ್ ತುಂಬಿದವರು ದಡ್ಡರಾಗಿರಲಿಲ್ಲ. ಆ ನಂಬರ್ ಆಮೇಲೆ ಎಲ್ಲಿಗೆ ಹೋಗುತ್ತೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ನಮಗೆ ಲ್ಯಾಬ್‌ನಲ್ಲಿ ಡೇಟಾಬೇಸ್ ಕಲಿಸ್ತಾರೆ, ನಾರ್ಮಲೈಸೇಶನ್ ಕಲಿಸ್ತಾರೆ, ಎಸ್‌ಕ್ಯೂಎಲ್ ಬರೆಸ್ತಾರೆ. ಒಬ್ಬರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು 'ಯಾಕೆ ಹೀಗೆ' ಅಂತ ಕೇಳೋದಕ್ಕೆ ಲ್ಯಾಬ್ ಇಲ್ಲ. ಇನ್ನೊಂದು ಮಾತು. ಆ ಮೇಡಂ ಅಮ್ಮನ ಜೊತೆ ಮಾತಾಡಿದ್ದು ಕನ್ನಡದಲ್ಲಿ. ಮೊದಲು ಬಂದ ಹುಡುಗನ ಟ್ರೇನಿಂಗ್ ಪೂರ್ತಿ ಇಂಗ್ಲಿಷ್ ಸ್ಲೈಡ್. ಇಂಗ್ಲಿಷ್ ಮೀಡಿಯಂನಲ್ಲೇ ಓದಿದ ನಾನು ಫಸ್ಟ್ ಇಯರ್‌ನಲ್ಲಿ ಈ ಕನ್ನಡ ಸಂಘಕ್ಕೆ ಸೇರಿದ್ದು ಫ್ರೆಂಡ್ಸ್ ಸೇರಿದ್ರು ಅಂತ. ಈಗ ಬೇರೆ ಕಾರಣವೂ ಇದೆ. 'ರಿಕ್ವೈರ್‌ಮೆಂಟ್ ಗ್ಯಾದರಿಂಗ್' ಅಂತ ನಾವು ಕರೆಯೋ ಕೆಲಸ ಈ ರಾಜ್ಯದ ಮುಕ್ಕಾಲು ಅಂಗಡಿ, ಗೋದಾಮು, ಆಫೀಸುಗಳಲ್ಲಿ ಕನ್ನಡದಲ್ಲೇ ಆಗಬೇಕು, ಇಲ್ಲಾಂದ್ರೆ ಆಗಲ್ಲ.

ಮುಂದಿನ ಸೆಮಿಸ್ಟರ್‌ಗೆ ನಮ್ಮ ಕಾಲೇಜಿನ ಅಟೆಂಡೆನ್ಸ್ ಮತ್ತೆ ಎಕ್ಸಾಂ ಪೋರ್ಟಲ್ ಬದಲಾಗುತ್ತೆ ಅಂತ ನೋಟಿಸ್ ಬಂದಿರೋದು ನೀವೂ ನೋಡಿರ್ತೀರ. ಸಲಹೆ ಕೊಡಿ ಅಂತ ಸ್ಟೂಡೆಂಟ್ಸ್‌ಗೆ ಫಾರ್ಮ್ ಕಳಿಸಿದಾರೆ. ನಾವೆಲ್ಲ 'ಡಾರ್ಕ್ ಮೋಡ್ ಬೇಕು' ಅಂತ ತುಂಬಿ ಕಳಿಸಿದೀವಿ. ಎಕ್ಸಾಂ ಸೆಕ್ಷನ್ ಕೌಂಟರ್ ಹಿಂದೆ, ಕಂಪ್ಯೂಟರ್ ಪಕ್ಕದಲ್ಲೇ ಒಂದು ದಪ್ಪ ಕೆಂಪು ರಿಜಿಸ್ಟರ್ ಇದೆ, ಗಮನಿಸಿದೀರಾ? ಬ್ಯಾಕ್‌ಲಾಗ್ ಫೀಸ್ ಕಟ್ಟೋಕೆ ಹೋದಾಗಲೆಲ್ಲ ಅಲ್ಲಿನ ಅಕ್ಕ ಸಿಸ್ಟಮ್‌ನಲ್ಲಿ ಎಂಟ್ರಿ ಮಾಡಿ, ಆಮೇಲೆ ಅದರಲ್ಲೂ ಏನೋ ಬರ್ಕೊಳ್ತಾರೆ.

ಏನು ಬರ್ಕೊಳ್ತಾರೆ, ಯಾಕೆ ಬರ್ಕೊಳ್ತಾರೆ ಅಂತ ಕೇಳಿ, ಪಟ್ಟಿ ಮಾಡಿ, ಪೋರ್ಟಲ್ ಮಾಡ್ತಿರೋರಿಗೆ ಕೊಡೋಣ ಅಂತ ನಾವು ಮೂರು ಜನ ಅಂದುಕೊಂಡಿದೀವಿ. ಅಕ್ಕನನ್ನ ಕೇಳಿಯೂ ಆಯ್ತು, ಸೋಮವಾರ ಮಧ್ಯಾಹ್ನ ಮೂರರ ಮೇಲೆ ಬನ್ನಿ, ಆಗ ರಶ್ ಇರಲ್ಲ ಅಂದ್ರು. ಇನ್ನೊಂದಿಬ್ಬರಿಗೆ ಜಾಗ ಇದೆ. ಬರೋರು ಬನ್ನಿ.